ಸಿಗ್ನಲ್‌ನಲ್ಲಿ ನಿಂತರೂ ಇಂಜಿನ್ ನಿಲ್ಲುತ್ತಿಲ್ಲವೇ? ಹೈಬ್ರಿಡ್ ಗಾಡಿಯ ದೋಷ ಹುಡುಕುವ ಬಗೆ

ನಮ್ಮ ಗ್ಯಾರೇಜ್ ಇರುವುದು ಪುಣೆಯ ನವಲೆ ಬ್ರಿಜ್ ಹತ್ತಿರ. ಬೆಳಗಾವಿ, ಹುಬ್ಬಳ್ಳಿ ಕಡೆಯಿಂದ ಬರುವ ಹೈವೇ ಕಾತ್ರಜ್ ಸುರಂಗ ದಾಟಿ ಊರಿಗೆ ಇಳಿಯುವುದೇ ಇಲ್ಲಿ. ಹಾಗಾಗಿ ನಮ್ಮ ಅಂಗಳದಲ್ಲಿ ಮರಾಠಿಯಷ್ಟೇ ಕನ್ನಡವೂ ಕಿವಿಗೆ ಬೀಳುತ್ತದೆ. ಕೆಲವು ವರ್ಷದ ಹಿಂದೆ ತಿಂಗಳಿಗೆ ಒಂದು ಹೈಬ್ರಿಡ್ ಗಾಡಿ, ಅಂದರೆ ಇಂಜಿನ್ ಜೊತೆಗೆ ಕರೆಂಟಿನ ಮೋಟರೂ ಇರುವ ಗಾಡಿ, ಬಂದರೆ ಜಾಸ್ತಿ ಅನ್ನುವಂತಿತ್ತು. ಈಗ ವಾರಕ್ಕೆ ಮೂರು ನಾಲ್ಕು. ಹೆಚ್ಚಿನವರ ದೂರು ಒಂದೇ: ‘ಮೊದಲು ಸದ್ದಿಲ್ಲದ ಹೋಗ್ತಿತ್ರೀ, ಈಗ ಇಂಜಿನ್ ಬಂದ್ ಆಗೋದೇ ಇಲ್ಲ.’ ಅದರ ಬೆನ್ನಿಗೇ ಇನ್ನೊಂದು ಮಾತು: ‘ಬ್ಯಾಟರಿ ಹೋತೇನ್ರಿ?’

ಬ್ಯಾಟರಿ ನಿಜವಾಗಿ ಹೋದ ಗಾಡಿ ನನ್ನ ಕೈಗೆ ಸಿಕ್ಕಿದ್ದು ಬಹಳ ಕಡಿಮೆ. ಹೈಬ್ರಿಡ್‌ನಲ್ಲಿ ಇಂಜಿನ್ ತಾನಾಗಿ ಶುರುವಾಗುವುದಿಲ್ಲ. ಗಾಡಿಯ ಕಂಪ್ಯೂಟರ್ ಕರೆದಾಗ ಬರುತ್ತದೆ, ಬೇಡ ಅಂದಾಗ ಹೋಗುತ್ತದೆ. ಅದು ಯಾಕೆ ಕರೆಯಿತು ಅಂತ ಪತ್ತೆ ಹಚ್ಚಿದರೆ ಅರ್ಧ ಕೆಲಸ ಮುಗಿದಂತೆ. ಅದನ್ನು ಬಿಟ್ಟು ನೇರವಾಗಿ ಲಕ್ಷಗಟ್ಟಲೆ ರೂಪಾಯಿಯ ಬ್ಯಾಟರಿಗೆ ಕೈ ಹಾಕುವುದು, ತಲೆನೋವಿಗೆ ತಲೆಯನ್ನೇ ಬದಲಾಯಿಸಲು ಹೊರಟಂತೆ.

ಮೊದಲು ಗಾಡಿಯ ಜಾತಿ ನೋಡಿ

ಹಿಂದೆ ಹೈಬ್ರಿಡ್ ಅಂತ ಬರೆದಿದ್ದರೆ ಸಾಲದು. ಒಳಗೆ ಯಾವ ಬಗೆಯದು ಅನ್ನುವುದು ಮುಖ್ಯ.

ಮೈಲ್ಡ್ ಹೈಬ್ರಿಡ್ ಅನ್ನುವುದು ಒಂದು. ಮಾರುತಿ 2015ರಲ್ಲಿ ಸಿಯಾಜ್ ಡೀಸೆಲ್‌ಗೆ ಹಾಕಿದ್ದು ಈ ಥರದ್ದು. ಇದರಲ್ಲಿ ಆಲ್ಟರ್ನೇಟರ್ ಇರುವ ಜಾಗದಲ್ಲಿ ಸ್ವಲ್ಪ ದೊಡ್ಡ ಮೋಟರ್ ಇರುತ್ತದೆ, ಬೆಲ್ಟ್ ಮೂಲಕ ಇಂಜಿನ್‌ಗೆ ಕೈ ಜೋಡಿಸುತ್ತದೆ. ಸಿಗ್ನಲ್‌ನಲ್ಲಿ ಇಂಜಿನ್ ನಿಲ್ಲಿಸಿ ಮತ್ತೆ ಶುರು ಮಾಡಿಕೊಡುತ್ತದೆ, ಎತ್ತುವಾಗ ಒಂಚೂರು ತಳ್ಳುತ್ತದೆ. ಅಷ್ಟೇ. ಬರೀ ಮೋಟರ್ ಮೇಲೆ ಗಾಡಿ ಹತ್ತು ಅಡಿಯೂ ಹೋಗುವುದಿಲ್ಲ. ಸೆಕೆಂಡ್ ಹ್ಯಾಂಡ್‌ನಲ್ಲಿ ಇಂಥ ಗಾಡಿ ತೆಗೆದುಕೊಂಡು ‘ಕರೆಂಟ್ ಮೇಲೆ ಓಡುತ್ತಲೇ ಇಲ್ಲ’ ಅಂತ ಬರುವವರು ಈಗಲೂ ಇದ್ದಾರೆ. ಅವರಿಗೆ ಚಹಾ ಕೊಟ್ಟು ಕಳಿಸುತ್ತೇವೆ. ರಿಪೇರಿ ಮಾಡಲು ಅಲ್ಲಿ ಏನೂ ಇಲ್ಲ.

ಟೊಯೊಟಾ ಹೈರೈಡರ್, ಇನೋವಾ ಹೈಕ್ರಾಸ್, ಮಾರುತಿ ಗ್ರ್ಯಾಂಡ್ ವಿಟಾರಾದ ಸ್ಟ್ರಾಂಗ್ ಹೈಬ್ರಿಡ್ ಬೇರೆ ಬಗೆಯವು. ಇವುಗಳಲ್ಲಿ ಕ್ಲಚ್ ಇಲ್ಲ, ಸೆಲ್ಫ್ ಮೋಟರ್ ಇಲ್ಲ, ನಾವು ನೀವು ಬಲ್ಲ ಗೇರ್‌ಬಾಕ್ಸೂ ಇಲ್ಲ. ನಡುವೆ ಒಂದು ಹಲ್ಲಿನ ಚಕ್ರ, ಅದರ ಸುತ್ತ ತಿರುಗುವ ಸಣ್ಣ ಚಕ್ರಗಳು, ಹೊರಗೆ ಬಳೆಯಂಥ ದೊಡ್ಡ ಚಕ್ರ. ನಡುವಿನ ಚಕ್ರಕ್ಕೆ ಮೊದಲನೇ ಮೋಟರ್, ಸುತ್ತುವ ಸಣ್ಣ ಚಕ್ರಗಳ ಚೌಕಟ್ಟಿಗೆ ಇಂಜಿನ್, ಹೊರಗಿನ ಬಳೆಯ ಕಡೆಗೆ ಎರಡನೇ ಮೋಟರ್ ಮತ್ತು ಗಾಲಿ. ಮೂರೂ ಯಾವಾಗಲೂ ಒಂದಕ್ಕೊಂದು ಕಚ್ಚಿಕೊಂಡೇ ಇರುತ್ತವೆ. ಎರಡನೇ ಮೋಟರ್ ಗಾಲಿ ತಿರುಗಿಸುವಾಗ ಇಂಜಿನ್ ಸುಮ್ನೆ ನಿಂತಿರಬಹುದು. ಇಂಜಿನ್ ಬೇಕಾದಾಗ ಮೊದಲನೇ ಮೋಟರ್ ಅದನ್ನು ತಿರುಗಿಸಿ ಎಬ್ಬಿಸುತ್ತದೆ, ಆಮೇಲೆ ಪೆಟ್ರೋಲ್ ಬೀಳುತ್ತದೆ. ಅದಕ್ಕೇ ಸೆಲ್ಫ್ ಹೊಡೆದ ಸದ್ದು ಕೇಳುವುದಿಲ್ಲ. 1997ರಲ್ಲಿ ಜಪಾನಿನಲ್ಲಿ ಬಂದ ಪ್ರಿಯಸ್‌ನಿಂದ ಇವತ್ತಿನ ತನಕ ಮೂಲ ಯೋಚನೆ ಇದೇ.

ಹೋಂಡಾ ಸಿಟಿ ಹೈಬ್ರಿಡ್‌ನ ದಾರಿ ಮತ್ತೊಂದು. ಊರೊಳಗೆ ಗಾಲಿ ತಿರುಗಿಸುವುದು ಮೋಟರ್, ಇಂಜಿನ್ ಬರೀ ಜನರೇಟರ್ ಕೆಲಸ ಮಾಡುತ್ತದೆ. ಹೈವೇ ವೇಗದಲ್ಲಿ ಒಂದು ಕ್ಲಚ್ ಹಿಡಿದುಕೊಂಡು ಇಂಜಿನ್ ನೇರವಾಗಿ ಗಾಲಿಗೆ ಸೇರುತ್ತದೆ. ಹಾಗಾಗಿ ನಿಂತಲ್ಲೇ ಇಂಜಿನ್ ಸದ್ದು ಏರಿದರೂ ಗಾಬರಿ ಬೇಡ, ಅದು ಚಾರ್ಜ್ ಮಾಡುತ್ತಿರುತ್ತದೆ.

ಇವು ದೋಷ ಅಲ್ಲ

ಬೆಳಿಗ್ಗೆ ಮೊದಲು ಆನ್ ಮಾಡಿದಾಗ ಬ್ಯಾಟರಿ ತುಂಬಿದ್ದರೂ ಇಂಜಿನ್ ಬರಬಹುದು. ಕೂಲೆಂಟ್ ಬಿಸಿಯಾಗಬೇಕು, ಸೈಲೆನ್ಸರ್ ಪೈಪಿನಲ್ಲಿರುವ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕೂಡ ಬಿಸಿಯಾಗಬೇಕು. ಡಿಸೆಂಬರ್ ತಿಂಗಳ ಪುಣೆಯ ಬೆಳಗಿನಲ್ಲಿ ಇದು ಇನ್ನೂ ಸ್ವಲ್ಪ ಹೊತ್ತು ಹಿಡಿಯುತ್ತದೆ. ಹೀಟರ್ ಹಾಕಿದರಂತೂ ಇಂಜಿನ್ ಬಿಡುವುದೇ ಇಲ್ಲ, ಒಳಗಿನ ಬಿಸಿಗಾಳಿಯೇ ಇಂಜಿನ್ ಶಾಖದಿಂದ ಬರುವುದು.

ಎಸಿ ಕಂಪ್ರೆಸರ್ ಕರೆಂಟಿನದು. ಯುನಿವರ್ಸಿಟಿ ಚೌಕದ ಜಾಮ್‌ನಲ್ಲಿ ಏಪ್ರಿಲ್ ಮಧ್ಯಾಹ್ನ ಎಸಿ ಫುಲ್ ಇಟ್ಟು ನಿಂತರೆ ಬ್ಯಾಟರಿ ಇಳಿಯುತ್ತದೆ, ಇಂಜಿನ್ ಬಂದು ತುಂಬಿಸಿ ಹೋಗುತ್ತದೆ. ಇವುಗಳ ಬ್ಯಾಟರಿ ನೀವಂದುಕೊಂಡಷ್ಟು ದೊಡ್ಡದಲ್ಲ. ಒಂದು ಕಿಲೋವ್ಯಾಟ್ ಅವರ್ ಆಚೀಚೆ. ಅದನ್ನೂ ಪೂರ್ತಿ ಖಾಲಿ ಮಾಡಲು, ಪೂರ್ತಿ ತುಂಬಲು ಕಂಪ್ಯೂಟರ್ ಬಿಡುವುದಿಲ್ಲ. ಸಾಮಾನ್ಯವಾಗಿ ಶೇ. 40ರಿಂದ 80ರ ನಡುವೆಯೇ ಆಟ.

ಇನ್ನೊಂದು ತಮಾಷೆ. ಎಕ್ಸ್‌ಪ್ರೆಸ್ ವೇಯಲ್ಲಿ ಖಂಡಾಲಾದಿಂದ ಖೋಪೋಲಿಗೆ ಇಳಿಯುವಾಗ ಅರ್ಧ ಘಾಟಿನಲ್ಲೇ ಬ್ಯಾಟರಿ ತುಂಬಿಬಿಡುತ್ತದೆ. ಇಳಿಯುವ ಗಾಡಿಯ ಶಕ್ತಿ ಹಾಕಲು ಜಾಗವೇ ಇರುವುದಿಲ್ಲ. ಆಗ ಕಂಪ್ಯೂಟರ್ ಪೆಟ್ರೋಲ್ ಹಾಕದೆ ಇಂಜಿನ್ ಅನ್ನು ಸುಮ್ಮನೆ ತಿರುಗಿಸಿ ಶಕ್ತಿ ಖರ್ಚು ಮಾಡುತ್ತದೆ. ಆಕ್ಸಿಲರೇಟರ್ ಮೇಲೆ ಕಾಲೇ ಇಲ್ಲ, ಇಂಜಿನ್ ಮಾತ್ರ ಕಿರುಚುತ್ತದೆ. ಹೊಸಬರು ಹೆದರಿ ಗಾಡಿ ಬದಿಗೆ ಹಾಕುತ್ತಾರೆ. ಘಾಟಿನಲ್ಲಿ ಹಾಗೆ ನಿಲ್ಲಿಸುವುದೇ ನಿಜವಾದ ಅಪಾಯ.

ಕಾಕಾ ಅವರ ಗಾಡಿ

ಈಗ ನಿಜವಾದ ದೋಷಕ್ಕೆ ಬರೋಣ. ಹೋದ ಬೇಸಿಗೆಯಲ್ಲಿ ಸಿಂಹಗಡ ರೋಡ್ ಕಡೆಯ ಒಬ್ಬರು ಬಂದರು. ವಿಜಯಪುರದವರು, ಬ್ಯಾಂಕ್ ಕೆಲಸದಿಂದ ರಿಟೈರ್ ಆದವರು. ನಾನು ಕಾಕಾ ಅಂತಲೇ ಕರೆಯುವುದು. ಗಾಡಿಗೆ ನಾಲ್ಕು ವರ್ಷ. ಆ್ಯವರೇಜ್ 21ರಿಂದ 16ಕ್ಕೆ ಇಳಿದಿತ್ತು. ಬೇರೆ ಕಡೆ ತೋರಿಸಿದಾಗ ಬ್ಯಾಟರಿ ಪ್ಯಾಕ್ ಬದಲಾಯಿಸಬೇಕು ಅಂದಿದ್ದರಂತೆ.

‘ಕಾಕಾ, ಇಂಜಿನ್ ಯಾವಾಗ ಜಾಸ್ತಿ ಬರ್ತದ್ರಿ? ಮುಂಜಾನೆ ಏನು ಮಧ್ಯಾಹ್ನ?’ ಅಂತ ಕೇಳಿದೆ.

‘ಮುಂಜಾನೆ ಛಲೋ ಇರ್ತದಪಾ. ಮಧ್ಯಾಹ್ನ ಅರ್ಧಾ ತಾಸು ಓಡಿಸಿದ ಮ್ಯಾಲೆ ಶುರು ಆಗ್ತದ. ಹಿಂದಿನ ಸೀಟಿನ್ಯಾಗ ಫ್ಯಾನ್ ಒಂದು ಬೊಬ್ಬಿ ಹೊಡೀತದ.’

ಈ ಮೂರು ವಾಕ್ಯ ಸ್ಕ್ಯಾನರ್‌ಗಿಂತ ಹೆಚ್ಚು ಹೇಳಿದವು. ಬ್ಯಾಟರಿ ಹಾಳಾಗಿದ್ದರೆ ಬೆಳಿಗ್ಗೆಯೂ ಅದೇ ಗೋಳು ಇರಬೇಕಿತ್ತು. ಬಿಸಿಯಾದ ಮೇಲೆ ಶುರುವಾಗುತ್ತದೆ, ಜೊತೆಗೆ ಫ್ಯಾನ್ ಜೋರಾಗುತ್ತದೆ ಅಂದರೆ ಬ್ಯಾಟರಿಗೆ ಗಾಳಿ ಸಾಲುತ್ತಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಲ್ಲಿ ಓಡುವ ಬಹುಪಾಲು ಹೈಬ್ರಿಡ್‌ಗಳ ಬ್ಯಾಟರಿಗೆ ತಂಪು ಸಿಗುವುದು ಗಾಡಿಯ ಒಳಗಿನ ಗಾಳಿಯಿಂದಲೇ. ಸೀಟಿನ ಕೆಳಗೆ ಅಥವಾ ಪಕ್ಕದಲ್ಲಿ ಒಂದು ಜಾಲರಿ ಇರುತ್ತದೆ. ಎಲ್ಲಿದೆ ಅಂತ ಓನರ್ ಬುಕ್‌ನಲ್ಲಿ ಚಿತ್ರ ಹಾಕಿರುತ್ತಾರೆ. ಒಂದು ಸಣ್ಣ ಫ್ಯಾನ್ ಅಲ್ಲಿಂದ ಗಾಳಿ ಎಳೆದು ಬ್ಯಾಟರಿ ಮೇಲೆ ಬಿಡುತ್ತದೆ. ನೀವು ಎಸಿಯಲ್ಲಿ ಆರಾಮ ಕುಳಿತರೆ ಅದಕ್ಕೂ ಆರಾಮ. ಜಾಲರಿ ಮುಚ್ಚಿದರೆ ಬ್ಯಾಟರಿ ಕಾಯುತ್ತದೆ. ಕಾದ ಬ್ಯಾಟರಿಯಿಂದ ಜಾಸ್ತಿ ಕರೆಂಟ್ ತೆಗೆಯಲು, ಅದಕ್ಕೆ ಜಾಸ್ತಿ ತುಂಬಲು ಕಂಪ್ಯೂಟರ್ ಒಪ್ಪುವುದಿಲ್ಲ. ಮೋಟರ್ ಕೈ ಕಟ್ಟಿದ ಮೇಲೆ ಉಳಿಯುವುದು ಇಂಜಿನ್ ಒಂದೇ.

ಕಾಕಾ ಅವರ ಹಿಂದಿನ ಬಾಗಿಲು ತೆಗೆದೆ. ಸೀಟಿನ ಮೇಲೆ ದಪ್ಪ ಕರಿ ಕಂಬಳಿ. ನಾಯಿಗೆ ಅಂತ ಹಾಸಿದ್ದು. ಅದರ ಅಂಚು ಕೆಳಗಿಳಿದು ಸರಿಯಾಗಿ ಜಾಲರಿಯ ಮೇಲೆ ಕುಳಿತಿತ್ತು. ಕಂಬಳಿ ಎತ್ತಿ, ಜಾಲರಿಯ ಕ್ಲಿಪ್ ಬಿಡಿಸಿ ಫಿಲ್ಟರ್ ಎಳೆದರೆ ಅದು ಫಿಲ್ಟರ್ ಥರ ಕಾಣುತ್ತಲೇ ಇರಲಿಲ್ಲ. ನಾಯಿ ಕೂದಲು, ಕಂಬಳಿಯ ಉಣ್ಣೆ, ರಸ್ತೆಯ ಸಿಮೆಂಟ್ ಧೂಳು ಸೇರಿ ಬೂದು ಬಣ್ಣದ ಇನ್ನೊಂದು ಕಂಬಳಿಯೇ ಆಗಿತ್ತು. ಬೆರಳಿನಿಂದ ಎತ್ತಿದರೆ ಒಂದೇ ಪದರವಾಗಿ, ಹಪ್ಪಳ ಎದ್ದ ಹಾಗೆ ಎದ್ದಿತು. ಬೆಳಕಿಗೆ ಹಿಡಿದರೆ ಒಂದು ತೂತೂ ಕಾಣಲಿಲ್ಲ. ಹೈಬ್ರಿಡ್ ಬ್ಯಾಟರಿಯ ಕೂಲಿಂಗ್ ಭಾಗ ನೋಡಿಸಿ ಅಂತ ಡ್ಯಾಶ್‌ಬೋರ್ಡ್‌ನಲ್ಲಿ ಎರಡು ಸಲ ಮೆಸೇಜ್ ಬಂದಿತ್ತಂತೆ. ‘ಸರ್ವೀಸಿಂಗ್ ನೆನಪು ಮಾಡ್ತದ’ ಅಂತ ಅಳಿಯ ಒತ್ತಿ ತೆಗೆದಿದ್ದರು.

ಫಿಲ್ಟರ್ ಅನ್ನು ಬ್ರಷ್ ಮತ್ತು ಮೆಲ್ಲನೆಯ ಗಾಳಿಯಿಂದ ಸ್ವಚ್ಛ ಮಾಡಿದೆವು. ಒಳಗಿನ ಫ್ಯಾನ್ ರೆಕ್ಕೆಗಳ ಮೇಲೂ ಧೂಳು ಕುಳಿತಿತ್ತು, ಅದನ್ನು ಬಿಚ್ಚಿ ಒರೆಸಲು ಒಂದು ತಾಸು ಹಿಡಿಯಿತು. ಮೊದಲು ಅರ್ಧ ತಾಸು ಓಡಿಸಿದಾಗ ಸ್ಕ್ಯಾನರ್‌ನಲ್ಲಿ ಬ್ಯಾಟರಿ ಬಿಸಿ 49 ಡಿಗ್ರಿ ತೋರಿಸಿತ್ತು. ಮರುದಿನ ಅದೇ ಹೊತ್ತಿಗೆ, ಅದೇ ದಾರಿಯಲ್ಲಿ 38. ಬಿಲ್ ನೋಡಿ ಕಾಕಾ ಎರಡು ಸಲ ಕನ್ನಡಕ ಒರೆಸಿಕೊಂಡರು.

ಈ ಫಿಲ್ಟರ್ ಅನ್ನು ನೀವೇ ತೆಗೆದು ನೋಡಬಹುದು. ನೀರಿನಲ್ಲಿ ತೊಳೆದರೆ ಪೂರ್ತಿ ಒಣಗುವ ತನಕ ಹಾಕಬೇಡಿ. ಮೆಟ್ರೋ, ಫ್ಲೈಓವರ್ ಕೆಲಸ ನಡೆಯುವ ರಸ್ತೆಯಲ್ಲಿ ದಿನಾ ಓಡಾಡುವವರು, ಮನೆಯಲ್ಲಿ ನಾಯಿ ಬೆಕ್ಕು ಇರುವವರು ಪ್ರತಿ ಸರ್ವೀಸಿಗೂ ಇದನ್ನು ಕೇಳಿ ಮಾಡಿಸಿ. ಊರಿಂದ ಜೋಳದ ಚೀಲ ತರುವಾಗಲೂ ಅಷ್ಟೇ, ಚೀಲವನ್ನು ಜಾಲರಿಗೆ ಆನಿಸಿ ಇಡಬೇಡಿ.

ಸಿಗ್ನಲ್‌ನಲ್ಲಿ ನ್ಯೂಟ್ರಲ್

ಇದು ಗಾಡಿಯ ದೋಷ ಅಲ್ಲ, ಕೈಯ ದೋಷ. ಹಳೆಯ ಗಾಡಿ ಓಡಿಸಿದವರಿಗೆ ಸಿಗ್ನಲ್ ಬಂದ ಕೂಡಲೇ ನ್ಯೂಟ್ರಲ್‌ಗೆ ಹಾಕುವ ಅಭ್ಯಾಸ. ಟೊಯೊಟಾ ಬಗೆಯ ಹೈಬ್ರಿಡ್‌ನಲ್ಲಿ ನ್ಯೂಟ್ರಲ್‌ಗೆ ಹಾಕಿದರೆ ಇಂಜಿನ್ ಓಡುತ್ತಿದ್ದರೂ ಬ್ಯಾಟರಿ ಚಾರ್ಜ್ ಆಗುವುದಿಲ್ಲ. ಎಸಿ ಮಾತ್ರ ಕರೆಂಟ್ ಕುಡಿಯುತ್ತಲೇ ಇರುತ್ತದೆ. ದೊಡ್ಡ ಜಾಮ್‌ನಲ್ಲಿ ನಾಲ್ಕೈದು ಸಲ ಹೀಗೆ ಮಾಡಿದರೆ ಬ್ಯಾಟರಿ ತಳ ಹಿಡಿಯುತ್ತದೆ. ಆಮೇಲೆ ಎಷ್ಟೋ ಹೊತ್ತು ಇಂಜಿನ್ ಬಿಡದೆ ಓಡುತ್ತದೆ. ಬ್ರೇಕ್ ಒತ್ತಿ ಡ್ರೈವ್‌ನಲ್ಲೇ (ಡಿ) ನಿಲ್ಲಿ, ಜಾಸ್ತಿ ಹೊತ್ತಾದರೆ ಪಾರ್ಕ್‌ಗೆ (ಪಿ) ಹಾಕಿ.

ಕಾತ್ರಜ್ ಸುರಂಗದಿಂದ ನವಲೆ ಬ್ರಿಜ್‌ಗೆ ಇಳಿಯುವಾಗ ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಹಾಕುವವರಿಗೆ ಏನು ಹೇಳಲಿ? ಆ ಇಳಿಜಾರಿನಲ್ಲಿ ಆಗುವ ಅಪಘಾತಗಳ ಸದ್ದು ನಮ್ಮ ಗ್ಯಾರೇಜಿಗೇ ಕೇಳುತ್ತದೆ. ಹೈಬ್ರಿಡ್‌ನಲ್ಲಂತೂ ನ್ಯೂಟ್ರಲ್ ಹಾಕಿದರೆ ಪುಕ್ಕಟೆ ಚಾರ್ಜೂ ಹೋಯಿತು, ಮೋಟರ್ ಕೊಡುವ ತಡೆಯೂ ಹೋಯಿತು.

ಗಾಡಿ ರೆಡಿ ಆಗುತ್ತಿಲ್ಲ

ಬಟನ್ ಒತ್ತಿದರೆ ಡ್ಯಾಶ್‌ಬೋರ್ಡ್ ತುಂಬ ದೀಪ, ಆದರೆ ರೆಡಿ ಅಂತ ಬರುವುದಿಲ್ಲ. ಮದುವೆಗೆ ಅಂತ ಊರಿಗೆ ಹೋಗಿ ಮೂರು ವಾರ ಗಾಡಿ ಪಾರ್ಕಿಂಗ್‌ನಲ್ಲಿ ಬಿಟ್ಟವರಿಗೆ ಇದು ಹೆಚ್ಚು. ದೊಡ್ಡ ಬ್ಯಾಟರಿ ಅಲ್ಲ, ಸಣ್ಣ 12 ವೋಲ್ಟ್ ಬ್ಯಾಟರಿ ಸತ್ತಿರುತ್ತದೆ. ದೊಡ್ಡ ಬ್ಯಾಟರಿಯ ಸ್ವಿಚ್ ಎಳೆಯುವ ರಿಲೇಗಳಿಗೆ, ಕಂಪ್ಯೂಟರ್‌ಗೆ ಜೀವ ಕೊಡುವುದು ಇದೇ. ಮಲ್ಟಿಮೀಟರ್ ಇಟ್ಟು ನೋಡಿ. ಗಾಡಿ ಬಂದ್ ಇದ್ದಾಗ 12.6 ಆಸುಪಾಸು ಇದ್ದರೆ ತುಂಬಿದೆ, 12.2 ಅಂದರೆ ಅರ್ಧ, 11.8ಕ್ಕಿಂತ ಕೆಳಗೆ ಅಂದರೆ ಖಾಲಿ. ರೆಡಿ ಆದ ಮೇಲೆ 14ರ ಹತ್ತಿರ ಬರಬೇಕು. ಬರದಿದ್ದರೆ ದೊಡ್ಡ ಬ್ಯಾಟರಿಯಿಂದ ಇದಕ್ಕೆ ಕರೆಂಟ್ ಇಳಿಸಿಕೊಡುವ ಕನ್ವರ್ಟರ್ ಕಡೆ ನೋಡಬೇಕು. ಇದಕ್ಕೆ ಆಲ್ಟರ್ನೇಟರ್ ಇಲ್ಲ ಅನ್ನುವುದು ನೆನಪಿರಲಿ.

12 ವೋಲ್ಟ್ ಬ್ಯಾಟರಿ ಅರೆಜೀವ ಆಗಿದ್ದಾಗ ಚಿತ್ರವಿಚಿತ್ರ ಎಚ್ಚರಿಕೆಗಳು ಬರುತ್ತವೆ. ಬ್ರೇಕ್, ಸ್ಟೀರಿಂಗ್, ಹೈಬ್ರಿಡ್ ಸಿಸ್ಟಮ್ ಎಲ್ಲ ಒಟ್ಟಿಗೆ. ಐದಾರು ದೀಪ ಒಮ್ಮೆಗೇ ಹತ್ತಿದರೆ ನಾನು ಮೊದಲು ಇದರ ಟರ್ಮಿನಲ್ ಅಲುಗಾಡಿಸಿ ನೋಡುತ್ತೇನೆ.

ಸ್ಕ್ಯಾನರ್ ಏನು ಹೇಳುತ್ತದೆ

ಸಾವಿರ ಎರಡು ಸಾವಿರಕ್ಕೆ ಸಿಗುವ ಬ್ಲೂಟೂತ್ ಸ್ಕ್ಯಾನರ್‌ಗಳಿವೆ. ಸ್ಟೀರಿಂಗ್ ಕೆಳಗಿನ ಪೋರ್ಟಿಗೆ ಸಿಕ್ಕಿಸಿ ಫೋನಿನಲ್ಲಿ ಓದಬಹುದು. ಆದರೆ ಹೈಬ್ರಿಡ್ ಕೋಡ್, ಅಂದರೆ ಹೈಬ್ರಿಡ್ ಭಾಗದ ದೋಷ ಹೇಳುವ ಸಂಕೇತ, ಓದುವ ಆ್ಯಪ್ ಬೇಕು. ಇಲ್ಲದಿದ್ದರೆ ಬರೀ ಇಂಜಿನ್ ಕೋಡ್ ತೋರಿಸಿ ಎಲ್ಲ ಸರಿ ಇದೆ ಅನ್ನುತ್ತದೆ.

ಪಿ0ಎ82 ಬಂದರೆ ಬ್ಯಾಟರಿ ಫ್ಯಾನ್ ಕೆಲಸ ಸರಿಯಿಲ್ಲ. ಮೇಲೆ ಹೇಳಿದ ಕಂಬಳಿಯ ಕಥೆ ಇಲ್ಲಿಂದಲೇ ಶುರು. ಪಿ0ಎ93 ಅಂದರೆ, ಬ್ಯಾಟರಿಯ ಕರೆಂಟನ್ನು ಮೋಟರ್‌ಗೆ ಹೊಂದುವಂತೆ ಬದಲಾಯಿಸುವ ಇನ್ವರ್ಟರ್‌ನ ಕೂಲಿಂಗ್. ಇನ್ವರ್ಟರ್‌ಗೆ ಇಂಜಿನ್‌ದಲ್ಲದ ಬೇರೆ ಕೂಲೆಂಟ್ ಡಬ್ಬಿ, ಬೇರೆ ಕರೆಂಟ್ ಪಂಪ್ ಇರುತ್ತದೆ. ಬಾನೆಟ್ ತೆಗೆದು ಆ ಡಬ್ಬಿಯಲ್ಲಿ ಮಟ್ಟ ನೋಡಿ. ಗಾಡಿ ರೆಡಿ ಇದ್ದಾಗ ಒಳಗೆ ಸಣ್ಣಗೆ ಅಲೆ ಆಡುತ್ತಿದ್ದರೆ ಪಂಪ್ ಓಡುತ್ತಿದೆ. ನೀರು ಸತ್ತ ಹಾಗೆ ನಿಂತಿದ್ದರೆ ಪಂಪ್ ಅಥವಾ ಅದರ ಫ್ಯೂಸ್ ಅನುಮಾನ. ಅಂಗಡಿಯ ಬಣ್ಣದ ನೀರು ಹಾಕಬೇಡಿ, ಕಂಪನಿ ಹೇಳಿದ ಕೂಲೆಂಟೇ ಆಗಬೇಕು.

ಪಿ0ಎ80 ಬಂದರೆ ಎಲ್ಲರ ಎದೆ ಧಸಕ್ಕನ್ನುತ್ತದೆ. ಬ್ಯಾಟರಿ ಪ್ಯಾಕ್ ಬದಲಾಯಿಸಿ ಅನ್ನುವುದೇ ಅದರ ಹೆಸರು. ಇಲ್ಲಿಯೂ ಅವಸರ ಬೇಡ. ಕೋಡ್ ಅಳಿಸುವ ಮುನ್ನ ಅದು ಬಂದ ಹೊತ್ತಿನ ಲೆಕ್ಕ, ಅಂದರೆ ಫ್ರೀಜ್ ಫ್ರೇಮ್, ಫೋಟೋ ತೆಗೆದಿಟ್ಟುಕೊಳ್ಳಿ. ಬ್ಯಾಟರಿ ಎಷ್ಟು ಬಿಸಿ ಇತ್ತು, ಎಷ್ಟು ತುಂಬಿತ್ತು ಅಂತ ಅಲ್ಲಿರುತ್ತದೆ. ಆಮೇಲೆ ಒಂದೊಂದು ಬ್ಲಾಕಿನ, ಅಂದರೆ ಬ್ಯಾಟರಿ ಒಳಗಿನ ಸೆಲ್ ಗುಂಪಿನ, ವೋಲ್ಟೇಜ್ ನೋಡಿ. ಗಾಡಿ ನಿಂತಾಗ ಎಲ್ಲವೂ ಒಂದೇ ಸಮ ಇರಬಹುದು. ಆದ್ದರಿಂದ ಖಾಲಿ ರಸ್ತೆಯಲ್ಲಿ ಜೋರಾಗಿ ಎತ್ತುವಾಗ ಒಬ್ಬರು ಓಡಿಸಿ, ಇನ್ನೊಬ್ಬರು ನೋಡಬೇಕು. ಹದಿನಾಲ್ಕು ಬ್ಲಾಕಿನಲ್ಲಿ ಹದಿಮೂರು ಒಟ್ಟಿಗೆ ಇಳಿದು, ಒಂದು ಮಾತ್ರ ದಡಕ್ಕನೆ ಕೆಳಗೆ ಬಿದ್ದರೆ ಆ ಬ್ಲಾಕ್ ದುರ್ಬಲ. ಅದು ಬ್ಯಾಟರಿಯದೇ ದೋಷ. ಎಲ್ಲವೂ ಸೇರಿ ಇಳಿದು ಸೇರಿ ಏರಿದರೆ ಸೆನ್ಸರ್ ವೈರು, ಕನೆಕ್ಟರ್‌ಗಳ ತುಕ್ಕು ನೋಡುವುದು ಬಾಕಿ ಇದೆ.

ದುಡ್ಡು ಬಿಚ್ಚುವ ಮುನ್ನ ವಾರಂಟಿ ಕಾರ್ಡ್ ತೆಗೆಯಿರಿ. ನಮ್ಮಲ್ಲಿ ಮಾರುವ ಹಲವು ಸ್ಟ್ರಾಂಗ್ ಹೈಬ್ರಿಡ್‌ಗಳ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಇದೆ. ಅಂಥ ಗಾಡಿಯ ಪ್ಯಾಕ್ ಬಿಚ್ಚಲು ನಾನೂ ಒಪ್ಪುವುದಿಲ್ಲ. ಹೊರಗಡೆ ಬಿಚ್ಚಿದರೆ ವಾರಂಟಿಗೆ ಕುತ್ತು.

ಬದಲಾಗುವಾಗ ಜರ್ಕ್

ಮೋಟರ್‌ನಿಂದ ಇಂಜಿನ್‌ಗೆ ಹೋಗುವಾಗ ತುಸು ಕಂಪನ ಇದ್ದೇ ಇರುತ್ತದೆ, ಮೂರು ಸಿಲಿಂಡರ್ ಇಂಜಿನ್ ಇದ್ದರೆ ಇನ್ನೂ ಸ್ವಲ್ಪ ಜಾಸ್ತಿ. ಗಾಡಿಯೇ ಒದರಿದ ಹಾಗೆ ಆದರೆ ಅದು ಹೈಬ್ರಿಡ್‌ನ ತೊಂದರೆ ಆಗಿರುವುದು ಕಡಿಮೆ. ಸ್ಪಾರ್ಕ್ ಪ್ಲಗ್, ಇಗ್ನಿಷನ್ ಕಾಯಿಲ್, ಕೊಳೆಯಾದ ಥ್ರಾಟಲ್, ಹರಿದ ಇಂಜಿನ್ ಮೌಂಟಿಂಗ್ ಮೊದಲು ನೋಡಿ. ಬೆಳಗಿನ ಮೊದಲ ಸ್ಟಾರ್ಟ್‌ನಲ್ಲಿ ಮಾತ್ರ ಗಡಗಡ ಅಂದು ಆಮೇಲೆ ಸರಿಯಾಗುತ್ತಿದ್ದರೆ, ಜೊತೆಗೆ ಇಂಜಿನ್ ಕೂಲೆಂಟ್ ಸ್ವಲ್ಪ ಸ್ವಲ್ಪ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್, ಅಂದರೆ ಕೂಲೆಂಟ್ ಸಿಲಿಂಡರ್‌ಗೆ ಹೋಗದಂತೆ ತಡೆಯುವ ಸೀಲ್, ಅನುಮಾನ. ರಾತ್ರಿಯೆಲ್ಲ ಸಿಲಿಂಡರ್ ಒಳಗೆ ಹನಿ ಇಳಿದಿರುತ್ತದೆ. ಇದನ್ನು ಮುಂದೂಡಬೇಡಿ.

ಕಿತ್ತಳೆ ವೈರು ಮತ್ತು ನೀರು

ಕಿತ್ತಳೆ ಬಣ್ಣದ ವೈರು ಕಂಡಲ್ಲಿ ಕೈ ಹಿಂದಕ್ಕೆ. ಅದರಲ್ಲಿ ಜೀವಕ್ಕೇ ಅಪಾಯ ತರುವಷ್ಟು ವೋಲ್ಟೇಜ್ ಇರುತ್ತದೆ. ನಮ್ಮಲ್ಲಿ ದೊಡ್ಡ ಬ್ಯಾಟರಿಯ ಸಂಪರ್ಕ ಕಡಿಯುವ ಸರ್ವೀಸ್ ಪ್ಲಗ್ ಎಳೆಯುವವರು 1000 ವೋಲ್ಟ್ ತಡೆಯುವ ರಬ್ಬರ್ ಗ್ಲೌಸ್ ಹಾಕುತ್ತಾರೆ. ಎಳೆದ ಮೇಲೆ ಇನ್ವರ್ಟರ್ ಕೆಪಾಸಿಟರ್ ಖಾಲಿಯಾಗಲು ಹತ್ತು ನಿಮಿಷ ಕಾಯುತ್ತಾರೆ. ಮತ್ತೆ ಮೀಟರ್ ಇಟ್ಟು ಸೊನ್ನೆ ನೋಡಿಯೇ ಮುಟ್ಟುತ್ತಾರೆ.

2024ರ ಜುಲೈ 25ರಂದು ಸಿಂಹಗಡ ರೋಡಿನ ಏಕತಾ ನಗರಿಗೆ ಮುಠಾ ನದಿಯ ನೀರು ನುಗ್ಗಿದ್ದು ಇಲ್ಲಿನವರಿಗೆ ನೆನಪಿದೆ. ಪಾರ್ಕಿಂಗ್‌ನಲ್ಲಿ ಗಾಡಿಗಳು ಮುಳುಗಿದ್ದವು. ಸೀಟಿನ ಮಟ್ಟಕ್ಕೆ ನೀರು ಬಂದ ಹೈಬ್ರಿಡ್‌ನಲ್ಲಿ ‘ಒಮ್ಮೆ ಬಟನ್ ಒತ್ತಿ ನೋಡೋಣ’ ಅನ್ನುವ ಆಸೆ ಬೇಡ. ನೀರು ಇಳಿದ ಮೇಲೂ ಬೇಡ. ಟೋ ಮಾಡಿಸುವಾಗ ಗಾಡಿಯನ್ನು ಪೂರ್ತಿ ಫ್ಲ್ಯಾಟ್‌ಬೆಡ್ ಮೇಲೇ ಹತ್ತಿಸಿ. ಮುಂದಿನ ಗಾಲಿ ನೆಲದಲ್ಲಿ ತಿರುಗಿದರೆ ಮೋಟರ್ ಕರೆಂಟ್ ಹುಟ್ಟಿಸುತ್ತದೆ. ಇಂಥ ಗಾಡಿಗಳಲ್ಲಿ ಆಮೇಲೆ ಪಿ0ಎಎ6 ಕೋಡ್ ಬರುವುದುಂಟು. ದೊಡ್ಡ ಬ್ಯಾಟರಿಯ ಕರೆಂಟ್ ಗಾಡಿಯ ಬಾಡಿಗೆ ಸೋರುತ್ತಿದೆ ಅಂತ ಅರ್ಥ. ಅದನ್ನು ಅಳಿಸಿ ಓಡಿಸುವ ಕೋಡ್ ಅಲ್ಲ.

ರಿಪೇರಿ ಆದ ಮೇಲೆ

ಕೋಡ್ ಅಳಿಸಿದ ಕೂಡಲೇ ಗಾಡಿ ಒಯ್ಯಬೇಡಿ. ತೊಂದರೆ ಕಂಡ ಹೊತ್ತಿನಲ್ಲೇ, ಅದೇ ದಾರಿಯಲ್ಲಿ, ಮೆಕ್ಯಾನಿಕ್ ಪಕ್ಕದಲ್ಲಿ ಕುಳಿತು ಅರ್ಧ ತಾಸು ಓಡಿಸಿ. ಸ್ಕ್ರೀನಿನಲ್ಲಿ ಎನರ್ಜಿ ಮಾನಿಟರ್ ತೆರೆದಿಡಿ. ಜಾಮ್‌ನಲ್ಲಿ ಬಾಣ ಬ್ಯಾಟರಿಯಿಂದ ಗಾಲಿಗೆ ಹೋಗಬೇಕು. ಬ್ರೇಕ್ ಒತ್ತಿದರೆ ಗಾಲಿಯಿಂದ ಬ್ಯಾಟರಿಗೆ ತಿರುಗಬೇಕು. ನಿಂತಾಗ, ಬ್ಯಾಟರಿ ಅರ್ಧಕ್ಕಿಂತ ಮೇಲಿದ್ದು ಇಂಜಿನ್ ಬಿಸಿಯಾಗಿದ್ದರೆ, ಇಂಜಿನ್ ಸುಮ್ಮನಾಗಬೇಕು. ಆಗದಿದ್ದರೆ ಅಲ್ಲಿಂದಲೇ ಗಾಡಿ ವಾಪಸ್ ತಿರುಗಿಸಿ. ಕಾಕಾ ಅವರ ಗಾಡಿಯನ್ನು ನಾವು ಹೀಗೆ ಸ್ವಾರ್‌ಗೇಟ್ ತನಕ ಓಡಿಸಿದಾಗ ಮೂರನೇ ಸಿಗ್ನಲ್‌ನಲ್ಲಿ ಇಂಜಿನ್ ನಿಂತಿತು. ಹಿಂದಿನ ಸೀಟಿನ ಫ್ಯಾನ್ ಸದ್ದೂ ಇರಲಿಲ್ಲ. ‘ಬಂದ್ ಬಿತ್ತೇನೋ?’ ಅಂತ ಕಾಕಾ ಮತ್ತೆ ಬಟನ್ ಒತ್ತಲು ಹೋದರು.